ಅತ್ತೆಯ ರೇಡಿಯೊಗೆ ನಾನು ಕೂರಿಸಿದ ಡಿಶ್

ಪಾಠ ಹೇಳಿ ಬದುಕುವವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ವರ್ಷವರ್ಷವೂ ಬಾಯಲ್ಲಿ ಹೇಳಿದ್ದನ್ನೆಲ್ಲ ಕೈಯಲ್ಲೂ ಮಾಡಬಲ್ಲೆವು ಎಂದು ನಂಬಿಬಿಡುತ್ತೇವೆ. ಬಂಗಾರಪೇಟೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳುತ್ತಿರುವ ನನಗೆ ಈ ಕಾಯಿಲೆ ಚೆನ್ನಾಗಿ ಬಲಿತಿತ್ತು. ಮನೆಯ ಮಿಕ್ಸಿ ಕೆಟ್ಟರೆ ಮೊದಲು ನಾನೇ ಬಿಚ್ಚುತ್ತಿದ್ದೆ. ಆಮೇಲೆ ರಿಪೇರಿಯವನು ಬಂದು, "ಇದನ್ನ ಯಾರು ಬಿಚ್ಚಿದ್ದು?" ಎಂದು ಕೇಳುವ ಹೊತ್ತಿಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿರುತ್ತಿದ್ದೆ.

ನಮ್ಮ ಯಜಮಾನರು ಕೃಷ್ಣಪ್ಪ ಹಸು ಸಾಕಿ ಡೈರಿಗೆ ಹಾಲು ಹಾಕುವವರು. ಹೋದ ವರ್ಷ ಅವರಿಗೆ ಊರು ಸುತ್ತುವ ಹುಚ್ಚು ಹತ್ತಿತು. ಹಳೆಯ ಸ್ಕೂಲ್ ವ್ಯಾನೊಂದನ್ನು ಕೊಂಡು, ಸೀಟು ಕಿತ್ತು, ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು ಕೂರಿಸಿ ಅದನ್ನೊಂದು ಮನೆಯನ್ನಾಗಿ ಮಾಡಿದರು. ಹಳದಿ ಬಣ್ಣ ಹಾಗೇ ಬಿಟ್ಟಿದ್ದರಿಂದ ದಾರಿಯಲ್ಲಿ ಮಕ್ಕಳು ಇವತ್ತಿಗೂ ಕೈ ಅಡ್ಡ ಹಾಕುತ್ತಾರೆ. ಎಲ್ಲ ಸಿದ್ಧವಾದರೂ ನಮ್ಮತ್ತೆ ಹೊರಡಲು ಒಪ್ಪಲಿಲ್ಲ. ಈ ಮನೆಗೆ ಬಂದಾಗಿನಿಂದ ಅವರು ಹಸುಗಳನ್ನು ಬಿಟ್ಟು ಒಂದು ದಿನವೂ ಹೊರಗೆ ತಂಗಿದವರಲ್ಲ. ಮೈದುನ ಹಾಲು ಕರೆಯುತ್ತಾನೆಂದು ಒಪ್ಪಿಸಿದ್ದಾಯಿತು. ಆಗ ಎರಡನೆಯ ತಕರಾರು ಬಂತು.

"ಸಂಜೆ ವಾರ್ತೆ ಕೇಳ್ದೆ ನಂಗೆ ಮುದ್ದೆ ಇಳಿಯಾಕಿಲ್ಲ. ಗಾಡೀಲಿ ರೇಡಿಯೊ ಬತ್ತದಾ?"

"ಫೋನಲ್ಲಿ ಬರುತ್ತಲ್ಲ ಅತ್ತೆ?"

"ನಡುವೆ ನನ್ ಮಗಳು ಫೋನ್ ಮಾಡ್ತಾಳೆ. ಅವಳ್ ಮಾತು ಮುಗಿಯೋ ಒತ್ಗೆ ವಾರ್ತೆ ಮುಗ್ದೋಗಿರ್ತದೆ."

ಮನೆಯ ಟಿವಿ ಡಿಶ್ಶಿನಲ್ಲಿ ರೇಡಿಯೊ ನಿಲಯಗಳೂ ಬರುತ್ತವೆ. ಹಳೆಯ ಟ್ರಾನ್ಸಿಸ್ಟರನ್ನು ನಾನು ಬಿಚ್ಚಿದ ಮೇಲೆ ಅತ್ತೆ ಕೇಳುವುದು ಅದನ್ನೇ. ಟಿವಿಗೆ ಕಣ್ಣು ಕೊಟ್ಟು ಕೂರಬೇಕು, ರೇಡಿಯೊಗೆ ಕಿವಿ ಕೊಟ್ಟರೆ ಸಾಕು, ಕೈಗಳು ಅವರೆಕಾಯಿ ಸುಲಿಯುತ್ತಿರುತ್ತವೆ ಎನ್ನುವುದು ಅವರ ಲೆಕ್ಕ. "ಹಾಗಾದರೆ ವ್ಯಾನಿನ ಮೇಲೂ ಒಂದು ಡಿಶ್ ಕೂರಿಸಿದರಾಯಿತು" ಎಂದೆ ನಾನು. ರಾಬರ್ಟ್‌ಸನ್‌ಪೇಟೆಯ ಅಂಗಡಿಯವರು ಡಿಶ್ಶನ್ನೂ ವ್ಯಾನಿಗೊಂದು ಚಿಕ್ಕ ಟಿವಿಯನ್ನೂ ಕೊಟ್ಟು, "ಫಿಟ್ ಮಾಡೋಕೆ ಆಳು ಕಳಿಸ್ಲಾ ಮೇಡಂ?" ಎಂದು ಕೇಳಿದರು. ನಾನು ನಕ್ಕೆ. ಉಪಗ್ರಹದ ಪಾಠ ಇಷ್ಟು ವರ್ಷ ಮಾಡಿದವಳಿಗೆ ಆಳೇ? ಆ ನಗು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಭಾನುವಾರ ಬೆಳಿಗ್ಗೆ, ಅಂಗಳದಲ್ಲಿ ಕೊಟ್ಟಿಗೆಗೆ ಮುಖ ಮಾಡಿ ನಿಂತಿದ್ದ ವ್ಯಾನಿನ ಮೇಲೆ ಹತ್ತಿದೆ. ದಿಕ್ಕು ನೋಡಲು ಶಾಲೆಯ ದಿಕ್ಸೂಚಿ ತಂದು ವ್ಯಾನಿನ ತಗಡಿನ ಮೇಲಿಟ್ಟೆ. ಅದು ಉತ್ತರವೆಂದು ನಮ್ಮ ತಿಪ್ಪೆಯನ್ನು ತೋರಿಸಿತು. ಕಬ್ಬಿಣದ ಹತ್ತಿರ ದಿಕ್ಸೂಚಿ ಇಡಬಾರದೆಂದು ಮಕ್ಕಳಿಗೆ ಹೇಳಿಕೊಡುವವಳು ನಾನೇ. ಎರಡು ಗಂಟೆ ಡಿಶ್ಶನ್ನು ಅಲ್ಲಿಷ್ಟು ಇಲ್ಲಿಷ್ಟು ತಿರುಗಿಸಿದ ಮೇಲೆ, ನನ್ನ ಜ್ಞಾನದ ಸಹಾಯವಿಲ್ಲದೆಯೇ, ಒಳಗಿದ್ದ ಚಿಕ್ಕ ಟಿವಿಯಿಂದ ಯಾರೋ ಟೊಮೇಟೊ ರೋಗದ ಬಗ್ಗೆ ಮಾತಾಡತೊಡಗಿದರು. "ಬಂದ್ಬುಡ್ತು!" ಎಂದು ಅತ್ತೆ ಕೂಗಿದರು. ಇನ್ನು ಇದು ಕೂದಲೆಳೆಯಷ್ಟೂ ಅಲುಗಬಾರದೆಂದು ನಾಲ್ಕೂ ಬೋಲ್ಟುಗಳನ್ನು ಸ್ಪ್ಯಾನರಿನ ಮೇಲೆ ಕಾಲಿಟ್ಟು ತುಳಿದು ಬಿಗಿ ಮಾಡಿದೆ.

ಮಧ್ಯಾಹ್ನವೇ ಹೊರಟೆವು. ಮೊದಲ ತಂಗುದಾಣ ಬೇತಮಂಗಲದ ಕೆರೆ. ವ್ಯಾನು ನಿಲ್ಲಿಸಿ, ಕಾಫಿ ಕಾಸಿ, ಸಂಜೆ ವಾರ್ತೆಗೆ ಟಿವಿ ಹಚ್ಚಿದರೆ ಸದ್ದೇ ಇಲ್ಲ. ಅತ್ತೆ ಲೋಟ ಕೆಳಗಿಟ್ಟರು. "ವಾರ್ತೆ ಬರ್ದಿದ್ರೆ ವಾಪಸ್ ಓಗಾನ. ಅಸುಗಳು ಕಾಯ್ತಿರ್ತವೆ." ಯಜಮಾನರ ಮುಖ ಸಣ್ಣಗಾಯಿತು. ಪಾಪ, ತಿಂಗಳುಗಟ್ಟಲೆ ಕನಸು ಕಂಡವರು.

ಆಗ ನನಗೆ ಹೊಳೆಯಿತು. ಉಪಗ್ರಹ ಇದ್ದಲ್ಲೇ ಇದೆ, ತಿರುಗಿರುವುದು ನಮ್ಮ ವ್ಯಾನು! "ರೀ, ಮನೇಲಿ ಯಾವ ದಿಕ್ಕಿಗೆ ನಿಂತಿತ್ತೋ ಅದೇ ದಿಕ್ಕಿಗೆ ಗಾಡಿ ನಿಲ್ಲಿಸಿ" ಎಂದೆ. ಅವರು ಮುಂದೆ ಹೋದರು, ಹಿಂದೆ ಬಂದರು. ನಾನು ರಸ್ತೆಯಲ್ಲಿ ನಿಂತು, "ಇನ್ನು ಹತ್ತು ಡಿಗ್ರಿ ಎಡಕ್ಕೆ!" ಎಂದು ಕೂಗುತ್ತಿದ್ದೆ. ಡಿಗ್ರಿ ಎಂದರೆ ಎಷ್ಟೆಂದು ಅವರು ಕೇಳಲಿಲ್ಲ, ಕೇಳಿದ್ದರೂ ಸ್ಟೀರಿಂಗಿನಲ್ಲಿ ಅದೆಷ್ಟೆಂದು ನನಗೆ ಗೊತ್ತಿರಲಿಲ್ಲ. ಒಳಗಿನಿಂದ ಅತ್ತೆಯ ದನಿ: "ಬಂತು! ಓಯ್ತು! ಬಂತು ಬಂತು, ಅಲ್ಲೇ ನಿಲ್ಸು ಮಗಾ!"

ಅಲ್ಲೇ ಎಂದರೆ ರಸ್ತೆಗೆ ಪೂರ್ತಿ ಅಡ್ಡ. ಅಷ್ಟರಲ್ಲಿ ಕೆಜಿಎಫ್ ಕಡೆಯಿಂದ ಬಸ್ಸು ಬಂದು ನಿಂತಿತು. ಹಾರನ್ ಹೊಡೆದು ಹೊಡೆದು ಸಾಕಾಗಿ ಕಂಡಕ್ಟರ್ ಇಳಿದು ಬಂದ. "ಯಾರಮ್ಮಾ ರೋಡಿಗೆ ಅಡ್ಡ ಆಕಿರೋದು?"

"ಐದೇ ನಿಮಿಷ ಇರಪ್ಪ, ಈ ದಿಕ್ಕಿಗೆ ನಿಂತ್ರೆ ಮಾತ್ರ ರೇಡಿಯೊ ಬರೋದು" ಎಂದೆ.

ಅವನು ವ್ಯಾನಿನ ನೆತ್ತಿ ನೋಡಿದ, ನನ್ನನ್ನು ನೋಡಿದ, ಮತ್ತೆ ನೆತ್ತಿ ನೋಡಿದ. "ಅಯ್ಯೋ ಅಮ್ಮಾ, ಮ್ಯಾಲಿರೋ ತಟ್ಟೆ ತಿರುಗ್ಸೋದ್ ಬಿಟ್ಟು ಇಡೀ ಗಾಡೀನೇ ತಿರುಗಿಸ್ತಿದ್ದೀರಲ್ಲಾ!"

ಬಸ್ಸಿಗೆ ಬಸ್ಸೇ ನಕ್ಕಿತು. ಯಜಮಾನರು ಸ್ಟೀರಿಂಗಿನ ಮೇಲೆ ತಲೆಯಿಟ್ಟರು. ಅವರ ಬೆನ್ನು ಕುಲುಕುತ್ತಿದ್ದುದನ್ನು ನೋಡಿದರೆ ಅಳುತ್ತಿರಲಿಲ್ಲ ಎನ್ನುವುದು ಖಚಿತ. ಆಗ ಕಿಟಕಿಯಿಂದ ಅತ್ತೆ ತಲೆ ಹೊರಹಾಕಿದರು.

"ಯಾಕ್ರಲಾ ನಗ್ತೀರಾ? ನಮ್ ಸೊಸೆ ಸೈನ್ಸು ಮೇಡಮ್ಮು. ಮೊದ್ಲು ಗಾಡಿ ತಿರುಗ್ಸಿ ನೋಡ್ಬೇಕು, ಆಮ್ಯಾಕೆ ತಟ್ಟೆ ತಿರುಗ್ಸೋದು. ಅದ್ಕೊಂದು ಕ್ರಮ ಐತೆ. ಅಲ್ವೇನಮ್ಮಾ?"

ಎಲ್ಲರೂ ನನ್ನತ್ತ ತಿರುಗಿದರು.

"ಹೌದು ಅತ್ತೆ" ಎಂದೆ. ಬಸ್ಸಿನ ಮುಂದಿನ ಸೀಟಿನಲ್ಲಿ ನಮ್ಮ ಹೆಡ್‌ಮಾಸ್ಟರು ಕೂತಿದ್ದು ಕಣ್ಣಿಗೆ ಬಿದ್ದದ್ದು ಅದಾದ ಮೇಲೆ.

ವ್ಯಾನನ್ನು ಪಕ್ಕಕ್ಕೆ ಹಾಕಿ, ಬಸ್ಸಿನ ಡ್ರೈವರೂ ಕಂಡಕ್ಟರೂ ಸೇರಿ ನನ್ನ ಬೋಲ್ಟುಗಳನ್ನು ಸಡಿಲ ಮಾಡುವುದರಲ್ಲಿ ಬೆವೆತುಹೋದರು. ತಟ್ಟೆ ತಿರುಗಿಸಿದ ಮೇಲೆ ವಾರ್ತೆಯ ಕೊನೆಯ ಭಾಗ ಸಿಕ್ಕಿತು, ಅತ್ತೆ ಮುದ್ದೆ ಉಂಡರು, ಪ್ರವಾಸ ಮುಂದೆ ಸಾಗಿತು. ಊರಿಗೆ ಬಂದ ಮೇಲೆ ಅತ್ತೆ ಆ "ಕ್ರಮ"ವನ್ನು ಓಣಿಗೆಲ್ಲ ಹೇಳಿದ್ದಾರೆ. ಈಗ ಯಾರ ಮನೆಗೆ ಹೊಸ ಡಿಶ್ ಬಂದರೂ ನನಗೆ ಕರೆ ಬರುತ್ತದೆ. ನಾನು ಹೋಗುತ್ತೇನೆ ಕೂಡ. ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಮಹಡಿಯ ಮೇಲಿರುವವರಿಗೆ ಗಂಭೀರವಾಗಿ "ಸ್ವಲ್ಪ ಎಡಕ್ಕೆ" ಎನ್ನುತ್ತೇನೆ. ಅವರು ಬಲಕ್ಕೆ ತಿರುಗಿಸಿ ಸಿಗ್ನಲ್ ಹಿಡಿದು, ಕೆಳಗಿಳಿದು ಬಂದು ನನಗೆ ಕಾಫಿ ಕೊಡುತ್ತಾರೆ.