ಷಡ್ಡಕನ ಎಡಗಾಲು

ಮನುಷ್ಯನ ಹೊಟ್ಟೆಗೂ ಬೆನ್ನಿಗೂ ನಡುವೆ ಹೆಚ್ಚೆಂದರೆ ಒಂದು ಗೇಣು ದೂರ. ನನ್ನಂಥವರಲ್ಲಿ ಒಂದೂವರೆ ಗೇಣು ಎನ್ನಿ. ಹೀಗಾಗಿ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡರೆ ಅದರ ಕಾವು ಬೆನ್ನಿಗೂ ತಗಲುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ. ಯಾವ ಡಾಕ್ಟರೂ ಇದನ್ನು ಒಪ್ಪಲಿಲ್ಲ. ಅವರು ಬೆನ್ನಿಗೆ ಎಕ್ಸ್‌ರೇ ತೆಗೆಸಿದರು. ಹೊಟ್ಟೆಕಿಚ್ಚಿಗೆ ಎಕ್ಸ್‌ರೇ ಇನ್ನೂ ಬಂದಿಲ್ಲ. ಬಂದಿದ್ದರೆ ನನ್ನದರಲ್ಲಿ ನನ್ನ ಷಡ್ಡಕ ರಾಯಪ್ಪಣ್ಣನ ಮುಖ ಮೀಸೆಸಮೇತ ಮೂಡುತ್ತಿತ್ತು.

ರಾಯಪ್ಪಣ್ಣ ಎಂದರೆ ನನ್ನ ಹೆಂಡತಿ ಫಿಲೋಮಿನಳ ಅಕ್ಕನ ಗಂಡ. ಮನೆ ನಜರ್‌ಬಾದಿನಲ್ಲಿ, ಕೆಲಸ ಸ್ಕೂಲ್ ಬಸ್ ಓಡಿಸುವುದು. ಬೆಳಗಿನಿಂದ ಸಂಜೆಯವರೆಗೆ ಊರಿನ ಹಳ್ಳದಿಣ್ಣೆಗಳ ಮೇಲೆಲ್ಲ ಕುಲುಕಾಡಿಕೊಂಡು ಬಂದರೂ ಆ ಮನುಷ್ಯನ ಸೊಂಟ ದೀಪದ ಕಂಬದ ಹಾಗೆ ನೆಟ್ಟಗೆ. ನಾನು ಕಡಕೊಳದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಫ್ಯಾನಿನ ಕೆಳಗೆ ಮೆತ್ತನೆ ಕುರ್ಚಿಯ ಮೇಲೆ ಕೂತು ನಟ್ಟು ಬೋಲ್ಟುಗಳನ್ನು ಕಾಯುವವನು. ನ್ಯಾಯವಾಗಿ ಸೊಂಟ ಯಾರದು ಹಿಡಿದುಕೊಳ್ಳಬೇಕಿತ್ತು, ನೀವೇ ಹೇಳಿ. ಹಿಡಿದುಕೊಂಡದ್ದು ನನ್ನದು.

ಸೊಂಟ ಯಾರದು ಹಿಡಿದರೂ ನನಗೆ ಚಿಂತೆ ಇರುತ್ತಿರಲಿಲ್ಲ, ಶಿಲುಬೆಯ ವಿಷಯ ಒಂದು ಇಲ್ಲದಿದ್ದರೆ. ನಾವು ದಟ್ಟಗಳ್ಳಿಗೆ ಮನೆ ಬದಲಾಯಿಸಿದರೂ ಚರ್ಚನ್ನು ಬದಲಾಯಿಸಲಿಲ್ಲ. ನಮ್ಮ ಹಳೆಯ ಚರ್ಚಿನಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಪ್ರತಿ ಶುಕ್ರವಾರ ಶಿಲುಬೆ ಹಾದಿ ನಡೆಯುತ್ತದೆ. ಒಬ್ಬರು ಮರದ ಶಿಲುಬೆ ಹೊತ್ತು ಮುಂದೆ ನಡೆಯಬೇಕು, ಹದಿನಾಲ್ಕು ಕಡೆ ನಿಂತು ಮಂಡಿಯೂರಬೇಕು, ಹಿಂದೆ ಜನ ಪ್ರಾರ್ಥನೆ ಹೇಳುತ್ತಾ ಬರುತ್ತಾರೆ. ಆ ಶಿಲುಬೆ ಹಲಸಿನ ಮರದ್ದು, ನಮ್ಮ ತಾತ ಮಾಡಿಸಿಕೊಟ್ಟದ್ದು. ತಾತನ ನಂತರ ಅಪ್ಪ, ಅಪ್ಪನ ನಂತರ ನಾನು ಹೊತ್ತುಕೊಂಡು ಬಂದಿದ್ದೇವೆ. ಶುಭ ಶುಕ್ರವಾರದ ದಿನವಂತೂ ಇಡೀ ಚರ್ಚೇ ಅಂಗಳದ ಬಿಸಿಲಿನಲ್ಲಿ ನನ್ನ ಬೆನ್ನು ನೋಡಿಕೊಂಡು ನಡೆಯುತ್ತದೆ. ಭಕ್ತಿ ಇರಲಿಲ್ಲ ಎನ್ನುವುದಿಲ್ಲ. ಆದರೆ ಭಕ್ತಿಯ ಜೊತೆಗೆ, ಹಿಂದಿನಿಂದ ನನ್ನ ಬಿಳಿ ಅಂಗಿ ಹೇಗೆ ಕಾಣುತ್ತಿದೆ ಎಂಬ ವಿಚಾರವೂ ಇರುತ್ತಿತ್ತು. ದೇವರಿಗೆ ಗೊತ್ತಿರುವುದನ್ನು ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ!

ಅಂಥ ಬೆನ್ನು ಕ್ರಿಸ್‌ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ಕೈಕೊಟ್ಟಿತು. ಏನೂ ಎತ್ತಿರಲಿಲ್ಲ. ಮಂಚದ ಕೆಳಗೆ ಬಿದ್ದಿದ್ದ ಒಂದು ಕಾಲುಚೀಲ ಎತ್ತಲು ಬಗ್ಗಿದೆ, ಅಷ್ಟರಲ್ಲಿ ಸೀನು ಬಂತು. ಚಳಕ್ ಎಂದಿತು. ಕಾಲುಚೀಲ ಕೈಯಲ್ಲಿ, ನಾನು ಅರ್ಧ ದಾರಿಯಲ್ಲಿ. ಫಿಲೋಮಿನ ಕಾಫಿ ತಂದವಳು ನನ್ನನ್ನು ನೋಡಿ, "ಏನ್ರೀ ಹುಡುಕ್ತಾ ಇದೀರ?" ಎಂದಳು. "ನನ್ನೇ," ಎಂದೆ. ಹಲಸಿನ ಶಿಲುಬೆ ಹೊರುವವನ ಸೊಂಟ ಕಾಲುಚೀಲದ ಭಾರಕ್ಕೆ ಹಿಡಿದುಕೊಂಡಿತು ಎಂದು ಯಾರಿಗೆ ಹೇಳಲಿ? ಚರ್ಚಿನಲ್ಲಿ ಅಕ್ಕಿಮೂಟೆ ಎಂದು ಹೇಳಿದೆ. ಕಾರ್ಖಾನೆಯಲ್ಲಿ ಗ್ಯಾಸ್ ಸಿಲಿಂಡರ್ ಎಂದೆ. ಈ ಎರಡು ಕಡೆಯವರೂ ಒಟ್ಟಿಗೆ ಸೇರದಂತೆ ನೋಡಿಕೊಳ್ಳುವುದೇ ಆಮೇಲೆ ದೊಡ್ಡ ಕೆಲಸವಾಯಿತು.

ಸೊಂಟನೋವು ಬಂದವನಿಗೆ ಔಷಧದ ಬರವಿಲ್ಲ, ಕೊಡುವವರ ಬರವಂತೂ ಇಲ್ಲವೇ ಇಲ್ಲ. ಡಾಕ್ಟರು ಮಾತ್ರೆ ಕೊಟ್ಟು, "ಮೂಳೆಗೇನೂ ಆಗಿಲ್ಲ, ವಯಸ್ಸು ಅಷ್ಟೆ" ಎಂದರು. ಇಷ್ಟು ನೋಯುವುದಕ್ಕೆ ಏನೂ ಆಗಿಲ್ಲ ಎಂದರೆ ಮರ್ಯಾದೆ ಉಳಿಯುತ್ತದೆಯೆ? ಕಾರ್ಖಾನೆಯ ಕಾವಲಿನವರು ಎಣ್ಣೆಯೊಂದನ್ನು ಹೇಳಿದರು. ಅದನ್ನು ಹಚ್ಚಿಕೊಂಡ ವಾರವೆಲ್ಲ ಬೀದಿನಾಯಿಗಳು ನನ್ನ ಸ್ಕೂಟರಿಗೆ ದಾರಿ ಬಿಟ್ಟವು. ಚಾಪೆಯ ಮೇಲೆ ಮಲಗು ಎಂದರು ಒಬ್ಬರು. ಮಲಗಿದೆ, ಏಳಿಸಲು ಇಬ್ಬರು ಬೇಕಾದರು. ಬಿಸಿನೀರಿನ ಚೀಲ ಒಂದೇ ನನಗೆ ನಂಬಿಕೆಯಿಂದ ನಡೆದುಕೊಂಡದ್ದು. ಬೆಚ್ಚಗಿರುವಷ್ಟು ಹೊತ್ತು ಸುಖ, ಆರಿದ ಮೇಲೆ ಮತ್ತೆ ನಾನೂ ನನ್ನ ಸೊಂಟವೂ.

ಅಷ್ಟರಲ್ಲಿ ತಪಸ್ಸುಕಾಲ ಬಂತು. ಮೊದಲ ಶುಕ್ರವಾರ ಫಾದರ್ ನನ್ನನ್ನು ಕರೆದು, ಚರ್ಚಿನೊಳಗೆ ಪಕ್ಕದ ಕಂಬದ ಬಳಿ ಫ್ಯಾನಿನ ಕೆಳಗೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, "ನೀವು ಮಂಡಿಯೂರೋದು ಬೇಡಪ್ಪ, ಇಲ್ಲೇ ಕೂತು ಪ್ರಾರ್ಥನೆ ಮಾಡಿ. ಈ ವರ್ಷ ಶಿಲುಬೆ ರಾಯಪ್ಪನವರು ಹೊರ್ತಾರೆ" ಎಂದರು. ನಾನು ತಲೆಯಾಡಿಸಿದೆ. ಎದ್ದು ಹೋಗೋಣವೆಂದರೆ ಎದ್ದೇಳುವುದೇ ಆಗುತ್ತಿರಲಿಲ್ಲವಲ್ಲ.

ರಾಯಪ್ಪಣ್ಣ ಶಿಲುಬೆ ಹೊತ್ತ ರೀತಿಯನ್ನು ಏನೆಂದು ಹೇಳಲಿ! ಹೂವಿನ ಬುಟ್ಟಿ ಎತ್ತಿಕೊಂಡ ಹಾಗೆ ಎತ್ತಿಕೊಂಡರು. ಹದಿನಾಲ್ಕು ಕಡೆಯೂ ಗೋಡೆ ಹಿಡಿಯದೆ ಮಂಡಿಯೂರಿ ಎದ್ದರು. ನಾನು ಹೊರುವಾಗ ಒಂಬತ್ತನೆಯ ಸ್ಥಳಕ್ಕೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದುದನ್ನು ಜನ ಭಕ್ತಿಯೆಂದು ತಿಳಿದಿದ್ದರು. ಈಗ ಆ ಗುಟ್ಟೂ ರಟ್ಟಾಯಿತು. ಮನೆಗೆ ಬರುವಾಗ ನಮ್ಮತ್ತೆ, "ದೊಡ್ಡಳಿಯಂದ್ರು ಎಷ್ಟು ಲಕ್ಷಣವಾಗಿ ಹೊತ್ರು ಕಣಮ್ಮ, ನೋಡಕ್ಕೆ ಎರಡು ಕಣ್ಣು ಸಾಲ್ದು" ಎಂದು ಫಿಲೋಮಿನಳಿಗೆ ಹೇಳಿದರು. ನಾನು ಅಲ್ಲೇ ಆಟೋದಲ್ಲಿ ಅವರಿಬ್ಬರ ನಡುವೆ ಕೂತಿದ್ದೆ.

ಮರುದಿನವೇ ನಾನು ಮನೆಯಲ್ಲಿ ಯಾರಿಗೂ ಹೇಳದೆ ಫಿಸಿಯೋಥೆರಪಿಗೆ ಹೋದೆ. ಅಲ್ಲಿದ್ದವಳು ನಮ್ಮ ಮಗಳ ವಯಸ್ಸಿನ ಹುಡುಗಿ. "ಅಂಕಲ್, ನೋವು ಹೋದ್ರೆ ಸಾಕಾ, ಇನ್ನೇನಾದ್ರೂ ಮಾಡ್ಬೇಕಾ?" ಎಂದು ಕೇಳಿದಳು. "ಶುಭ ಶುಕ್ರವಾರ ಶಿಲುಬೆ ಹೊರಬೇಕು ಕಣಮ್ಮ" ಎಂದೆ. ಅವಳು ನಗಲಿಲ್ಲ. "ಹೊರೋಣ ಬಿಡಿ" ಎಂದಳು, ತಾನೂ ಒಂದು ಕಡೆ ಹಿಡಿದುಕೊಳ್ಳುವವಳ ಹಾಗೆ. ಆಮೇಲೆ ಮಲಗಿಸಿ, ಮಂಡಿ ಮಡಿಸಿ, "ಈಗ ಸೊಂಟ ಮೇಲಕ್ಕೆತ್ತಿ. ಉಸ್ರು ಬಿಡಿ. ಅಂಕಲ್, ಎತ್ತಿ ಅಂದೆ!" ಎಂದಳು. "ಎತ್ತಿದೀನಲ್ಲಮ್ಮ" ಎಂದೆ. "ಹುಬ್ಬು ಎತ್ತಿದೀರ, ಸೊಂಟ ಹಾಸಿಗೆ ಮೇಲೇ ಇದೆ" ಎಂದಳು.

ಮಲಗಿ ಮಲಗಿಯೇ ನನ್ನ ಸೊಂಟ ಸೋಮಾರಿಯಾಗಿದೆ ಎನ್ನುವುದು ಅವಳ ತೀರ್ಮಾನ. ಕೂತಲ್ಲೇ ಕೂರಬೇಡಿ, ಆಗಾಗ ಎದ್ದು ಓಡಾಡಿ, ನಡೆಯಿರಿ, ಹೇಳಿಕೊಟ್ಟದ್ದನ್ನು ದಿನಾ ಮಾಡಿ ಎಂದಳು. ಮಾಡಿದೆ. ಯಾವ ಭಕ್ತಿಯಿಂದಲೂ ಅಷ್ಟು ನಿಯಮವಾಗಿ ಏನನ್ನೂ ಮಾಡಿದವನಲ್ಲ ನಾನು. ಸ್ಟೋರ್ಸಿನಲ್ಲಿ ಕುರ್ಚಿ ಬಿಟ್ಟು ಬೋಲ್ಟುಗಳ ಸುತ್ತ ಪ್ರದಕ್ಷಿಣೆ ಹಾಕಿದೆ. ಬೆಳಿಗ್ಗೆ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಮರೆಯಲ್ಲಿ ಚಾಪೆ ಹಾಸಿ ಸೊಂಟ ಎತ್ತಿದೆ. ಪಕ್ಕದ ತಾರಸಿಗೆ ಸಂಡಿಗೆ ಹಾಕಲು ಬಂದ ಹೆಂಗಸು ನೋಡಿ, ಸಂಡಿಗೆ ಹಿಟ್ಟಿನ ಸಮೇತ ಕೆಳಗಿಳಿದು ಹೋದರು. ಸಾಕು ಎನಿಸಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದೆ. ರಾಯಪ್ಪಣ್ಣ ಶಿಲುಬೆ ಹೊತ್ತು ನಡೆಯುವುದು ಕಾಣುತ್ತಿತ್ತು. ಸೊಂಟ ತಾನಾಗಿ ಇನ್ನೆರಡು ಅಂಗುಲ ಮೇಲೇಳುತ್ತಿತ್ತು.

ನಿಧಾನವಾಗಿ ಗುಣ ಕಾಣತೊಡಗಿತು. ಕಾಲುಚೀಲದ ಮಟ್ಟಕ್ಕೆ ಬಗ್ಗಲು ಬಂತು. ಶುಭ ಶುಕ್ರವಾರಕ್ಕೆ ಎಲ್ಲರೆದುರು ಎದ್ದು ನಿಂತು ಬೆರಗುಗೊಳಿಸಬೇಕೆಂದು ನಾನು ಬಾಯಿಬಿಡಲಿಲ್ಲ. ಮನೆಯಲ್ಲಿ ಮುಲುಕುವುದನ್ನೂ ನಿಲ್ಲಿಸಲಿಲ್ಲ. ತಪ್ಪಾದದ್ದು ಅಲ್ಲೇ. ನಾನು ಮುಲುಕುವುದನ್ನು ಕೇಳಲಾರದೆ ನಮ್ಮತ್ತೆ ಒಂದು ಭಾನುವಾರ ಹೇಳಿದರು: "ಕಾಲು ಮುಂದಾಗಿ ಹುಟ್ಟಿದೋರ ಕೈಲಿ ಒದೆಸ್ಕೊಂಡ್ರೆ ಸೊಂಟ ಬುಟ್ಟೋಗ್ತದೆ. ನಮ್ಮ ಕಾಲದಲ್ಲಿ ಎಲ್ಲಾ ಇದನ್ನೇ ಮಾಡ್ತಿದ್ದುದ್ದು."

ನಮ್ಮಜ್ಜಿಯೂ ಇದನ್ನೇ ಹೇಳುತ್ತಿದ್ದರು. ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮೊದಲು ಬಂದವರ ಪಾದಕ್ಕೆ ಉಳುಕು ಬಿಡಿಸುವ ಶಕ್ತಿಯಿದೆಯಂತೆ. "ಅಂಥೋರು ಈಗೆಲ್ಲಿ ಸಿಗ್ತಾರೆ ಬಿಡಿ ಅತ್ತೆ" ಎಂದೆ, ಧೈರ್ಯವಾಗಿ. "ದೊಡ್ಡಳಿಯಂದ್ರೇ ಇಲ್ವ! ಅವರಮ್ಮ ಬಾಯ್ತುಂಬ ಹೇಳೋರು" ಎಂದರು ಅತ್ತೆ.

ಹುಟ್ಟುವಾಗಲೂ ಎಲ್ಲರ ಹಾಗೆ ಹುಟ್ಟಲಿಲ್ಲವಲ್ಲ ಈ ಮನುಷ್ಯ! ನಾನು ಬೇಡವೆನ್ನುವ ಮೊದಲೇ ಫೋನು ಹೋಯಿತು, ರಾಯಪ್ಪಣ್ಣ ಬಂದರು. ನಿಯಮದಂತೆ ನನ್ನನ್ನು ಹೊಸ್ತಿಲಿಗೆ ಅಡ್ಡವಾಗಿ ಬೋರಲು ಮಲಗಿಸಿದರು. ನನಗೆ ಗುಣವಾಗಿದೆ ಎಂದು ಹೇಳಿದರೆ ಗುಟ್ಟು ಹೋಗುತ್ತದೆ, ಹೇಳದಿದ್ದರೆ ಮಾನ ಹೋಗುತ್ತದೆ. ಮಾನವೇ ಹೋಗಲಿ ಎಂದು ಕಣ್ಣು ಮುಚ್ಚಿದೆ. ರಾಯಪ್ಪಣ್ಣ ಕಾಲು ತೊಳೆದು ಒರೆಸಿಕೊಂಡು ಬಂದು, "ತಪ್ಪು ತಿಳ್ಕೋಬೇಡಪ್ಪ, ಮೆಲ್ಲಗಾ, ಜೋರಾಗಾ?" ಎಂದು ಕೇಳಿದರು. ಅಷ್ಟು ಮರ್ಯಾದೆಯಿಂದ ಒದೆಯುವವರನ್ನು ನೀವು ಎಲ್ಲೂ ಕಾಣಲಾರಿರಿ. ಎಡಗಾಲಿನಿಂದ ಮೂರು ಸಲ ಒದ್ದರು. ಮೂರನೆಯದಕ್ಕೆ ಅವರ ಬಾಯಿಂದಲೇ "ಹಾ" ಎಂದು ಒಂದು ಸದ್ದು ಬಂತು. ಒದ್ದವರು ಮಾತಾಡದೆ, ತಿರುಗಿ ನೋಡದೆ ಹೋಗಬೇಕಂತೆ. ಹಾಗೆಯೇ ಗೋಡೆ ಸವರಿಕೊಂಡು ಹೊರಟುಹೋದರು. ಗರ್ವ ನೋಡು ಎಂದುಕೊಂಡೆ.

ಶುಭ ಶುಕ್ರವಾರ ಬಂತು. ನಾನು ಬಿಳಿ ಅಂಗಿ ತೊಟ್ಟು ಅಂಗಳದಲ್ಲಿ ಎಲ್ಲರೆದುರು ಕುರ್ಚಿ ಬಿಟ್ಟು ನೆಟ್ಟಗೆ ಎದ್ದು ನಿಂತೆ. ಜನ ಬೆರಗಾದದ್ದು ನಿಜ. ಆದರೆ ಒದೆಯ ಸುದ್ದಿ ನಮ್ಮತ್ತೆಯ ಬಾಯಿಂದ ಆಗಲೇ ಚರ್ಚೆಲ್ಲ ಹರಡಿತ್ತು, ಅವರು ತಿರುಗಿ ನೋಡಿದ್ದು ರಾಯಪ್ಪಣ್ಣನ ಕಾಲನ್ನು! "ಮೂರೇ ಒದೆಗೆ ಎದ್ದು ನಿಂತ್ಬುಟ್ರಲ್ಲ!" ಎಂದರು ಒಬ್ಬರು. "ಎಂಥಾ ಪಾದ ಕಣ್ರೀ ಅದು!" ಎಂದರು ಇನ್ನೊಬ್ಬರು. ತಾರಸಿ, ಟ್ಯಾಂಕು, ಸಂಡಿಗೆಯಮ್ಮ, ಎಲ್ಲವನ್ನೂ ಕೂಗಿ ಹೇಳೋಣವೆನಿಸಿತು. ಇಷ್ಟು ದಿನ ಮುಲುಕಿದ ಬಾಯಿಂದ ಈಗ ಹೇಗೆ ಹೇಳಲಿ?

ಶಿಲುಬೆ ಕೇಳಲು ಹೋದೆ. ಜಗಳಕ್ಕೂ ಸಿದ್ಧನಾಗಿಯೇ ಹೋಗಿದ್ದೆ. ರಾಯಪ್ಪಣ್ಣ ಅದನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲಿ ತಾವೂ ಒರಗಿ ನಿಂತಿದ್ದರು. "ತಗೋಪ್ಪ, ನಿಮ್ಮ ತಾತಂದು. ನಂಗೆ ಆಗಲ್ಲ. ಅವತ್ತು ಮೂರನೇ ಸಲ ಕಾಲೆತ್ತಿದಾಗ್ಲೇ ಸೊಂಟ ಚಳಕ್ ಅಂತು. ಮಾತಾಡ್ಬಾರ್ದಲ್ಲ, ಸುಮ್ನೆ ಬಂದ್ಬುಟ್ಟೆ. ಆಮೇಲೆ ಹೇಳಿದ್ರೆ ನೀನು ನೊಂದ್ಕೋತೀಯ ಅಂತ ಹೇಳ್ಲಿಲ್ಲ. ಹೋದ ಶುಕ್ರವಾರ ಹೆಂಗೋ ಹಲ್ಲು ಕಚ್ಕೊಂಡು ಹೊತ್ತೆ. ನಿಂದು ವಾಸಿಯಾಯ್ತಲ್ಲ, ಅಷ್ಟು ಸಾಕು" ಎಂದರು.

ಶಿಲುಬೆಯನ್ನು ಹೆಗಲಿಗೇರಿಸಿಕೊಂಡೆ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರು ರಾಯಪ್ಪಣ್ಣನನ್ನು ನನ್ನ ಕುರ್ಚಿಯಲ್ಲೇ ಕೂರಿಸಿ, ಕುರ್ಚಿಯನ್ನು ಮರದ ನೆರಳಿಗೆ ಸರಿಸಿದರು. ನಾನು ಸುಡುವ ಅಂಗಳದಲ್ಲಿ ಒಂದೊಂದೇ ಸ್ಥಳಕ್ಕೆ ಮಂಡಿಯೂರಿ ಎದ್ದೆ. ಸೊಂಟ ಒಮ್ಮೆಯೂ ತಕರಾರು ಮಾಡಲಿಲ್ಲ. ಆದರೆ ಇಡೀ ಚರ್ಚಿನ ಕಣ್ಣು ನೆರಳಿನ ಕಡೆಗಿತ್ತು. "ಷಡ್ಡಕನ ನೋವನ್ನ ತಾನೇ ತಗೊಂಬುಟ್ರು, ಅದೂ ಇಂಥಾ ಹೊತ್ತಲ್ಲಿ" ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಕೊನೆಯಲ್ಲಿ ಗಂಜಿ ಬಡಿಸಿದಾಗ ನಾನು ಸಾಲಿನಲ್ಲಿ ನಿಂತೆ. ಅವರಿಗೆ ಕೂತಲ್ಲಿಗೇ ಬಂತು, ತಂದುಕೊಟ್ಟವಳು ನನ್ನ ಹೆಂಡತಿ. ಆ ಕುರ್ಚಿಯಲ್ಲಿ ಇಷ್ಟು ಸುಖವಿತ್ತೆಂದು ನಾನು ಕೂತಿದ್ದಾಗ ತಿಳಿದೇ ಇರಲಿಲ್ಲ.

ಹಬ್ಬ ಕಳೆದ ಮೇಲೆ ನಾನೇ ರಾಯಪ್ಪಣ್ಣನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅದೇ ಹುಡುಗಿಯ ಬಳಿಗೆ ಕರೆದುಕೊಂಡು ಹೋದೆ. ಗುಟ್ಟೆಲ್ಲ ದಾರಿಯಲ್ಲೇ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, "ಹಂಗಾದ್ರೆ ಸುಮ್‌ಸುಮ್ನೆ ಒದ್ಬುಟ್ನಲ್ಲೋ ನಿನ್ನ" ಎಂದು ನೊಂದುಕೊಂಡರು. ಅಷ್ಟು ಒಳ್ಳೆಯತನದ ಎದುರು ನನ್ನ ಹೊಟ್ಟೆಕಿಚ್ಚು ಇನ್ನೇನು ಆರಿತು ಎನ್ನುವಷ್ಟರಲ್ಲಿ ಒಳಗಿನಿಂದ ಆ ಹುಡುಗಿ ನನ್ನನ್ನು ಕರೆದಳು.

"ನೋಡಿ ಅಂಕಲ್, ಮೊದಲ್ನೇ ದಿನಾನೇ ಎಷ್ಟು ಚೆನ್ನಾಗಿ ಎತ್ತುತ್ತಾರೆ! ನಿಮಗೆ ಇಷ್ಟು ಬರೋಕೆ ಎಷ್ಟು ದಿನ ಆಯ್ತು ಗೊತ್ತಾ?"

ರಾಯಪ್ಪಣ್ಣ ಮಲಗಿದ್ದಲ್ಲಿಂದಲೇ ನನ್ನನ್ನು ನೋಡಿ ನಕ್ಕರು. ಅವರ ಸೊಂಟ ಸೇತುವೆಯ ಹಾಗೆ ಮೇಲೆದ್ದು ನಿಂತಿತ್ತು. ನಾನೂ ನಕ್ಕೆ. ಬೆನ್ನಿನ ಆ ಹಳೆಯ ಮೂಲೆ ಮೆಲ್ಲಗೆ ಬಿಸಿಯಾಗತೊಡಗಿತ್ತು. ಮನೆಗೆ ಬಂದವನೇ ಕಾಫಿಗೂ ಕಾಯದೆ ಚಾಪೆ ತೆಗೆದುಕೊಂಡು ತಾರಸಿ ಹತ್ತಿದೆ.