ಮಾವನ ಅಮೆರಿಕದ ಹೆಂಗಸರು

ನನ್ನ ಸೋದರಮಾವನಿಗೆ ಅಮೆರಿಕದಲ್ಲಿ ಇಬ್ಬರು ಹೆಂಗಸರಿದ್ದರು ಅಂದರೆ ನೀವು ನಂಬುವುದಿಲ್ಲ. ಶಹಾಬಜಾರದ ಮನೆ ಬಿಟ್ಟರೆ ಕಲಬುರಗಿಯ ಅದಾಲತ್ತು, ಅದಾಲತ್ತು ಬಿಟ್ಟರೆ ಮನೆ, ಇಷ್ಟೇ ಅವರ ಭೂಗೋಳ! ಆದರೂ ಇದ್ದರು. ಇಬ್ಬರಿಗೂ ತಲೆ ಕೆಟ್ಟಿತ್ತು. ಇದ್ದದ್ದು ಕಾದಂಬರಿಗಳ ಒಳಗೆ, ಅಷ್ಟೆ.

ಊರು ಬಿಡುವಾಗ ಅಮೆರಿಕದ ಮಿಷನ್ ದೊರೆಸಾನಿಯೊಬ್ಬಳು ತನ್ನ ಪುಸ್ತಕದ ಸಂದೂಕನ್ನು ಮಾವನ ತಲೆಗೆ ಕಟ್ಟಿ ಹೋಗಿದ್ದಳು. ಮಾವ ಅದಾಲತ್ತಿನಲ್ಲಿ ತರ್ಜುಮೆ ಮಾಡುವ ಗುಮಾಸ್ತರು, ಇಂಗ್ಲಿಷ್ ಬಲ್ಲವರು. ನಿಜಾಮರ ಕಾಲ, ಶುಕ್ರವಾರ ಕಚೇರಿಗೆ ರಜಾ. ಉಳಿದ ಗುಮಾಸ್ತರು ಎಣ್ಣೆ ಹಚ್ಚಿಕೊಂಡು ಮಲಗಿದರೆ, ಇವರು ಪೇಟಾ ಸುತ್ತಿಕೊಂಡು ಪಡಸಾಲೆಯಲ್ಲಿ ತಮ್ಮದೇ ಅದಾಲತ್ತು ಹೂಡುತ್ತಿದ್ದರು! ಅಜ್ಜಿ ಪಂಚರು. ಹೆಸರು ಕೂಗುವ ಜವಾನ, ಚಿಕ್ಕ ಹುಡುಗಿ ನಾನು.

"ಇಬ್ಬರದೂ ಕೂಸು ಸತ್ತದ. ಒಬ್ಬಾಕಿ ಖಾಲಿ ತೊಟ್ಟಿಲು ತೂಗತಾಳ, ಇನ್ನೊಬ್ಬಾಕಿ ಮಾತೇ ಬಿಟ್ಟಾಳ. ಯಾರ ಸಂಕಟ ದೊಡ್ಡದು, ಫೈಸಲಾ ಹೇಳ್ರಿ!" ಅನ್ನುವರು ಮಾವ.

ಅಜ್ಜಿಗೆ ಕಾದಂಬರಿ ಅಂದರೇನು ಗೊತ್ತು? "ಇಬ್ಬರನ್ನೂ ಕರಕೊಂಡು ಬಾರಪಾ. ಉಪ್ಪು ಮೆಣಸಿನಕಾಯಿ ನಿವಾಳಿಸ್ತೀನಿ."

"ಅವ್ವಾ, ಅವರು ಸಮುದ್ರದಾಚಿ ಇದ್ದಾರ!"

"ಇದ್ದರೇನಾತು? ಬಂಡಿ ಕಳಿಸು!"

ಇಷ್ಟೆಲ್ಲ ನಡೆಯುವಾಗ ಮಾವನ ಹೆಂಡತಿ, ನಮ್ಮತ್ತೆ, ಎಲ್ಲಿದ್ದರು? ಕಮಲಾಪುರದ ತವರಿನಲ್ಲಿ. ಚೊಚ್ಚಲ ಹೆಣ್ಣುಕೂಸು ತೊಟ್ಟಿಲಿಗೆ ಹಾಕಿ ಹೆಸರಿಡುವ ಮುಂಚೆಯೇ ತೀರಿಹೋಗಿತ್ತು. ಹೆಸರಿಡದ ಕೂಸಿನ ಮಾತು ಎತ್ತಬಾರದು ಅನ್ನುವುದು ನಮ್ಮ ಮನೆತನಗಳ ಪದ್ಧತಿ. ಯಾರೂ ಎತ್ತಲಿಲ್ಲ. ಅತ್ತೆ ಅಂದಿನಿಂದ ಬಾಯೇ ಬಿಡಲಿಲ್ಲ. "ಗಾಳಿ ಹಿಡದದ" ಅಂದಿತು ಕಮಲಾಪುರ. ಇತ್ತ ಕಟ್ಟಿಕೊಂಡ ಗಂಡ ಅಮೆರಿಕದವರಿಗಾಗಿ ಕಣ್ಣೊರೆಸಿಕೊಳ್ಳುತ್ತ ಕೂತರೆ ಯಾರಿಗೆ ಸಿಟ್ಟು ಬರುವುದಿಲ್ಲ? "ಮನೆಗೆ ಮಾರಿ, ಪರರಿಗೆ ಉಪಕಾರಿ" ಅಂತ ನಮ್ಮವ್ವ ತಮ್ಮನ ಮುಖದ ಮೇಲೇ ಅಂದಳು.

ಒಮ್ಮೆ ಮಾವ ಕಮಲಾಪುರಕ್ಕೂ ಹೋಗಿ ಈ ಖಟ್ಲೆ ಬಿಚ್ಚಿದರಂತೆ. ಅತ್ತೆಯ ತಾಯಿ ಮರುಗಿ, ಒಂದು ಬುಟ್ಟಿ ಕೆಂಪು ಬಾಳೆಹಣ್ಣು ಕೊಟ್ಟು, "ಆ ಮಾತು ಬಿಟ್ಟಾಕಿಗೆ ಮುಟ್ಟಸ್ರಿ" ಅಂದರಂತೆ. ಬಂಡಿ ಶಹಾಬಜಾರಕ್ಕೆ ಬಂದಾಗ ಬುಟ್ಟಿಯಲ್ಲಿದ್ದದ್ದು ಬರೀ ಸಿಪ್ಪೆ!

"ಹಣ್ಣು ಎಲ್ಲಿ ಮಾವಾ?"

"ಆಕಿ ಪರವಾಗಿ ನಾನೇ ವಕಾಲತ್ತು ಹಾಕೀನವಾ!"

ಮುಂದೆ ಒಂದು ದಿನ ಸುದ್ದಿ ಬಂತು. ಶುಕ್ರವಾರ ಅತ್ತೆಗೆ ಗಾಳಿ ಬಿಡಿಸುತ್ತಾರೆ, ಅದಕ್ಕೊಬ್ಬ ಮಂತ್ರವಾದಿ ಹೊಡೆಯುವ ಚಾಬೂಕು ಹಿಡಿದು ಬರುತ್ತಾನೆ ಅಂತ. ಮಾವನ ಮುಖದ ನಗು ಅಲ್ಲೇ ಹೋಯಿತು. ಗುರುವಾರವೇ ನನ್ನನ್ನು ಬಂಡಿಯಲ್ಲಿ ಕೂರಿಸಿಕೊಂಡು ಹೊರಟರು.

ಶುಕ್ರವಾರ ಮುಂಜಾನೆ ನಾವು ಕಮಲಾಪುರ ಮುಟ್ಟಿದಾಗ ಆತ ಅಂಗಳದಲ್ಲಿ ಚಾಬೂಕಿಗೆ ಎಣ್ಣೆ ಉಜ್ಜುತ್ತಿದ್ದ. ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಮಾವ ನೇರ ತಮ್ಮ ಮಾವನವರ ಮುಂದೆ ನಿಂತು ಕೈ ಮುಗಿದರು.

"ಒಂದು ಫೈಸಲಾ ಬೇಕಾಗೇದರಿ, ಮಾವಾರ. ತೊಟ್ಟಿಲು ತೂಗೋ ಆಕೀನ್ನ ಮನ್ಯಾವರು ಹೊಡದರು, ಕೂಡಿಹಾಕಿದರು. ಆಕಿ ಸತ್ತಳು. ಮಾತು ಬಿಟ್ಟಾಕಿ ಬಾಜೂಕ ಆಕಿ ಗಂಡ ಕೂತ, ಕೂಸಿನ ಮಾತಾಡಿದ. ಆಕಿ ಬದುಕಿದಳು. ಗುನ್ಹೆ ಯಾರದರಿ?"

ಆ ಹಿರಿಯರು ಊರ ಪಂಚರು. ಎದುರು ಬಂದ ನ್ಯಾಯ ಬಿಟ್ಟು ಏಳುವ ಜಾಯಮಾನ ಅವರದಲ್ಲ. ಮೀಸೆ ತಿಕ್ಕಿದರು, ಮಗಳನ್ನು ನೋಡಿದರು. "ಹೊಡದವರದಪಾ" ಅಂದರು. ಅಂದಮೇಲೆ ಚಾಬೂಕಿನವನ ಕಡೆ ತಿರುಗಲೇಬೇಕಾಯಿತು. "ನೀ ಉಂಡು ನಡಿಯಪಾ."

ಮಾವ ಹೋಗಿ ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಹಿರಿಯರ ಎದುರು ಗಂಡ ಹೆಂಡತಿ ಹಾಗೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಆ ಮಾತು ಬಿಟ್ಟಾಕಿ ಕೂಸಿನ ಹೆಸರೇನಿತ್ತರಿ?"

ಕೇಳಿದ್ದು ಅತ್ತೆ! ನಾಲ್ಕು ತಿಂಗಳ ಮೇಲೆ ಬಂದ ಮೊದಲ ಮಾತು ಅದು.

ಮಾತಿನ ಮಲ್ಲ ನಮ್ಮ ಮಾವ ತಡವರಿಸಿದರು. "ಪುಸ್ತಕದಾಗ ಬರದಿಲ್ಲ. ನಮ್ಮ ಕೂಸಿಂದು ಹೇಳು. ಏನಂತ ಕರೀಬೇಕು ಅಂತ ಮಾಡಿದ್ದಿ?"

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. "ನೀಲವ್ವ."

"ನೀಲವ್ವ" ಅಂದರು ಮಾವ. ಮತ್ತೊಮ್ಮೆ, ಎಲ್ಲರಿಗೂ ಕೇಳುವ ಹಾಗೆ, "ನನ್ನ ಮಗಳು ನೀಲವ್ವ" ಅಂದು, ಪೇಟಾ ಕಳಚಿ ಮುಖಕ್ಕೆ ಒತ್ತಿಕೊಂಡು ಅತ್ತರು. ಅಷ್ಟು ದಿನ ಅವರನ್ನು ಹುಚ್ಚ ಮಾವ ಅಂತ ನಕ್ಕವಳು ನಾನು. ಅವರ ಕಾಲ ಬಳಿ ಕೂತು ನಾನೂ ಅತ್ತುಬಿಟ್ಟೆ.