ಗಾಳೆಪ್ಪನ ಕಂಪ್ಯೂಟರಿಗೆ ಬಂದ ಜಡ್ಡು

ಗಾಳೆಪ್ಪನಿಗೆ ಈ ಜಗತ್ತಿನ ಮೇಲೆ ಇದ್ದದ್ದು ಒಂದೇ ತಕರಾರು: ಕಾಗದಕ್ಕೆ ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲ. ಹುನಗುಂದದ ಒಂದು ಸರಕಾರಿ ಕಚೇರಿಯಲ್ಲಿ (ಯಾವುದೆಂದು ಹೇಳುವುದಿಲ್ಲ; ಯಾವುದರ ಹೆಸರು ಹೇಳಿದರೂ ನೀವು ‘ಹೌದೌದು, ಅದೇ’ ಎನ್ನುತ್ತೀರಿ) ಅವನು ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಅಷ್ಟೂ ವರ್ಷ ಕಾಗದ ನೋಡಿದನೇ ಹೊರತು ಅದನ್ನು ಹಿಡಿದು ನಿಂತವರ ಮುಖ ನೋಡಿದವನಲ್ಲ. ಮೊಹರಿನ ಸಿಕ್ಕಾ ಇದೆಯೇ, ಸಹಿ ಇದೆಯೇ, ರವಾನೆಯ ಜಾವಕ ನಂಬರು ಇದೆಯೇ? ಇದ್ದರೆ ಕಾಗದ ಸಾಚಾ. ಇಲ್ಲದಿದ್ದರೆ ತುಳಸಿಗೇರಿ ಹನುಮಪ್ಪನೇ ಅರ್ಜಿ ಹಿಡಿದು ಬಂದರೂ ಹಿಂಬರಹ ಕೊಟ್ಟು ವಾಪಸ್ ಕಳಿಸುವ ಧೀರ.

ಇಂಥ ಧೀರ ಒಂದು ಭಾನುವಾರ ಬೆಳಿಗ್ಗೆ ಇಳಕಲ್ಲಿನ ತನ್ನ ಮನೆಯ ಕಂಪ್ಯೂಟರಿನಲ್ಲಿ ಮೊಣಕಾಲು ನೋವಿನ ಮದ್ದು ಹುಡುಕುತ್ತಿದ್ದಾಗ ಪರದೆಯ ಮೇಲೆ ಒಂದು ನೋಟೀಸು ಪ್ರತ್ಯಕ್ಷವಾಯಿತು. ‘ನಿಮ್ಮ ಕಂಪ್ಯೂಟರಿನಲ್ಲಿ 1,327 ವೈರಸ್ ಇವೆ. ಶುದ್ಧೀಕರಣಕ್ಕೆ ತಕ್ಷಣ ಒಪ್ಪಿಗೆ ನೀಡಿ.’

“ಅದನ್ನ ಮುಚ್ಚರಿ, ಎಂಥಾದೋ ಏನೋ,” ಎಂದಳು ಹೆಂಡತಿ ರಾಧಿಕಾ, ರೊಟ್ಟಿ ಬಡಿಯುತ್ತಲೇ.

“ಏ, ನೀ ಸುಮ್ನಿರು. ಸಿಕ್ಕಾ ಐತಿ ಇಲ್ಲೆ. ದುಂಡಂದು, ನೀಲಿ ಬಣ್ಣದ್ದು. ಜಾವಕ ನಂಬರ್ ಐತಿ, ತಾರೀಖ ಐತಿ. ಕೆಳಗ ಅಧಿಕಾರಿ ಸಹೀನೂ ಐತಿ.”

“ಯಾವ ಅಧಿಕಾರಿರಿ?”

“ಸಹಿ ಓದಾಕ ಬರವಲ್ದು. ಅಂದ ಮ್ಯಾಲೆ ದೊಡ್ಡ ಅಧಿಕಾರೀನ ಇರಬೇಕು.”

ಒಪ್ಪಿಗೆ ಒತ್ತಿದ. ಅದು ಇನ್ನೊಂದು ಒಪ್ಪಿಗೆ ಕೇಳಿತು, ಕೊಟ್ಟ. ಮತ್ತೊಂದು ಕೇಳಿತು, ಅದನ್ನೂ ಕೊಟ್ಟ. ಊರಿನ ಜನಕ್ಕೆ ಇಪ್ಪತ್ತೆರಡು ವರ್ಷ ಕೊಡದೆ ಕೂಡಿಟ್ಟ ಒಪ್ಪಿಗೆಯನ್ನೆಲ್ಲ ಆ ಮಹಾನುಭಾವ ಹತ್ತೇ ನಿಮಿಷದಲ್ಲಿ ವೈರಸ್ಸಿಗೆ ಧಾರೆ ಎರೆದುಬಿಟ್ಟ. ಎಂಟನೆಯ ಒಪ್ಪಿಗೆಗೆ ಪರದೆ ಒಮ್ಮೆ ಕಪ್ಪಾಗಿ, ಆಮೇಲೆ ಬೋಳುತಲೆಗೆ ಕೂದಲು ಬರಿಸುವ ಎಣ್ಣೆಯ ಜಾಹೀರಾತು ಬಂತು. ಮುಚ್ಚಿದರೆ ಎರಡು ಬಂದವು. ಎರಡನ್ನೂ ಮುಚ್ಚಿದರೆ ನಾಲ್ಕು. ಅವನ್ನೆಲ್ಲ ಸರಿಸಿ ನೋಡಿದರೆ, ‘ರಾಧಿಕಾ’ ಎಂದು ಹೆಸರಿಟ್ಟಿದ್ದ ಫೋಲ್ಡರೇ ಇಲ್ಲ.

ಆ ಫೋಲ್ಡರಿನಲ್ಲಿ ಏನಿತ್ತು ಎಂಬುದನ್ನು ಹೇಳಬೇಕು. ಆರು ವರ್ಷದಿಂದ ರಾಧಿಕಾ ಬಸ್ಸು ಹತ್ತಿ ಹೋಗಿ ಬಾದಾಮಿಯ ಗುಹೆಗುಡಿ ಮೇಣಬಸದಿ, ಐಹೊಳೆಯ ಗುಡಿಗಳ ಕಂಬದ ಹೂಬಳ್ಳಿ ನೋಡಿ, ಬಂದು, ಸೀರೆಯ ಸೆರಗಿನ ಕಸೂತಿಗೆ ಒಗ್ಗುವಂತೆ ಕಂಪ್ಯೂಟರಿನಲ್ಲೇ ಕೂತು ಬರೆದ ಇನ್ನೂರಾ ಹನ್ನೆರಡು ನಕಾಶೆಗಳು. ಊರಿನ ಎಷ್ಟೋ ಸೀರೆಗಳ ಮೇಲೆ ಅವಳ ಹೂವು ಅರಳಿತ್ತು; ಒಂದರ ಪಕ್ಕದಲ್ಲೂ ಅವಳ ಹೆಸರಿರಲಿಲ್ಲ. ಈಗ ಮೊದಲ ಸಲ ಬಾಗಲಕೋಟೆಯ ಕೈಮಗ್ಗ ಪ್ರದರ್ಶನದವರು, ನಕಾಶೆ ಕಳಿಸಿದರೆ ಹೆಸರು ಬರೆದೇ ತೂಗುಹಾಕುತ್ತೇವೆ ಎಂದಿದ್ದರು. ಬುಧವಾರ ಸಂಜೆಯೊಳಗೆ ಅವು ಅಲ್ಲಿಗೆ ಮುಟ್ಟಬೇಕಿತ್ತು.

ರಾಧಿಕಾ ಬೈಯಲಿಲ್ಲ. ಹಿಟ್ಟಿನ ಕೈಯಲ್ಲೇ ಬಂದು ಪರದೆ ನೋಡಿದಳು. “ಆರು ವರ್ಷ,” ಎಂದಳು. ಅಷ್ಟೇ. ಆ ದಿನದ ಉಳಿದ ರೊಟ್ಟಿ ಬಡಿದ ಸಪ್ಪಳ ಮಾತ್ರ ಮೂರು ಮನೆಯಾಚೆಗೂ ಕೇಳಿಸಿತು.

ಸೋಮವಾರ ಗಂಡ-ಹೆಂಡತಿ ಕಂಪ್ಯೂಟರಿನ ಡಬ್ಬಿಯನ್ನು ಆಟೋದಲ್ಲಿ ಹೇರಿಕೊಂಡು ಬಸ್ ನಿಲ್ದಾಣದ ಹತ್ತಿರದ ರಿಪೇರಿ ಅಂಗಡಿಗೆ ಹೋದರು. ಬೋರ್ಡು ನೋಡಿದ ಗಾಳೆಪ್ಪ ಒಂದು ಹೆಜ್ಜೆ ಹಿಂದೆ ಸರಿದ: ‘ತಬಸುಮ ಕಂಪ್ಯೂಟರ್ಸ್’. ಅವನ ಟೇಬಲ್ಲಿಗೆ ಇಳಕಲ್ಲಿನ ರಂಜಾನಬಿ ಎಂಬ ಮುದುಕಿ ಮಾಸಾಶನದ ಅರ್ಜಿ ಹಿಡಿದು ಐದು ಸಲ ಬಂದಿದ್ದಳು. ಜೊತೆಗೊಬ್ಬ ಮೊಮ್ಮಗಳು. “ಏ ತಬಸುಮ, ಸಾಹೇಬರಿಗೆ ಆ ಕಾಗದ ತೋರಸ,” ಎಂದು ಮುದುಕಿ ಐದೂ ಸಲ ಹೇಳಿದ್ದು ಕಿವಿಯಲ್ಲಿತ್ತು. ಮುಖ ನೆನಪಿರಲಿಲ್ಲ. ನೋಡಿದ್ದರಲ್ಲವೇ ನೆನಪಿರುವುದು? (ಅರ್ಜಿಯ ಮೇಲೆ ಅವನು ಬರೆದ ಷರಾ: ‘ಫೋಟೋ ಅರ್ಜಿದಾರರ ಮುಖಕ್ಕೆ ಹೋಲುವುದಿಲ್ಲ.’)

ಅಂಗಡಿಯ ಒಡತಿ, ಮೂವತ್ತರ ಆಸುಪಾಸಿನ ತಬಸುಮ, ಸ್ಕ್ರೂ ಬಿಚ್ಚುತ್ತ ಕೇಳಿದಳು: “ಯಾವಾಗಿಂದ ಹಿಂಗಾಗೇದ್ರಿ? ಏನರ ಒತ್ತಿದ್ರೇನು?”

“ಏನಿಲ್ಲವಾ. ತಾನ ಆತು.”

“ಸುಳ್ಳು,” ಎಂದಳು ರಾಧಿಕಾ. “ಎಂಟು ಸಲ ಒಪ್ಪಿಗಿ ಕೊಟ್ಟಾರ. ಸಿಕ್ಕಾ ಇತ್ತಂತ.”

“ಖರೆ ಹೇಳಿದ್ರ ಚಲೋ ಆತ್ರಿ ಅಕ್ಕಾರ. ನೋಡ್ರಿ, ಮೊದಲ ಡಿಸ್ಕ್ ಬಿಚ್ಚಿ ಒಳಗಿದ್ದದ್ದನ್ನೆಲ್ಲಾ ಬ್ಯಾರೆ ಕಡೆ ಕಾಪಿ ಮಾಡ್ಬೇಕು. ಆಮ್ಯಾಲೆ ಸ್ವಚ್ಛ ಮಾಡಿ, ಎಲ್ಲಾ ಹೊಸದಾಗಿ ಹಾಕಬೇಕು. ಗಡಿಬಿಡಿ ಮಾಡಿದ್ರ ಉಳದದ್ದೂ ಹೋಗ್ತದ. ನಾಳಿ ಬರ್ರಿ.”

ನಾಳಿ ಬರ್ರಿ! ಈ ಎರಡು ಶಬ್ದಗಳನ್ನು ಗಾಳೆಪ್ಪ ಆಡಿದ್ದು ಎಷ್ಟೋ ಸಾವಿರ ಸಲ. ಕೇಳಿಸಿಕೊಂಡದ್ದು ಇದೇ ಮೊದಲು. ಕೇಳಲು ಅವು ಅಷ್ಟೇನೂ ಇಂಪಾಗಿರಲಿಲ್ಲ.

ಮಂಗಳವಾರ ಕಚೇರಿಗೆ ಹೋಗುವ ಮುಂಚೆ ಮತ್ತೆ ಅಂಗಡಿಗೆ ಹೋದ.

“ಫೈಲ್ ಎಲ್ಲೂ ಹೋಗಿಲ್ಲ ಅನಸ್ತದ್ರಿ,” ಎಂದಳು ತಬಸುಮ. “ಅಡಗಿಸಿ ಇಟ್ಟಾವ. ಇದ್ದದ್ದನ್ನ ಇಲ್ಲ ಅಂತ ತೋರಸ್ತಾವ. ಹುಡುಕಾಕ ಬಂದವರನ್ನ ಸುಮ್ಮ ಸುಮ್ಮನ ಅಲ್ಲಿಂದ ಇಲ್ಲಿಗೆ ಓಡ್ಯಾಡಸ್ತಾವ.”

“ಯಾ... ಯಾರು?”

“ವೈರಸ್ ರಿ, ಮತ್ತ್ಯಾರು? ಇನ್ನೂ ಕಾಪಿ ನಡದದ. ನಾಳಿ ಮುಂಜಾನೆ ಬರ್ರಿ.”

ಗಾಳೆಪ್ಪನಿಗೆ ಖಾತ್ರಿಯಾಯಿತು. ಸೇಡು! ಐದು ಸಲ ಓಡಾಡಿಸಿದ್ದಕ್ಕೆ ಇವಳು ಐದು ಸಲ ಓಡಾಡಿಸುತ್ತಾಳೆ. ಅಷ್ಟರಲ್ಲಿ ಬುಧವಾರ ಮುಗಿದಿರುತ್ತದೆ, ಹೆಂಡತಿಯ ಹೆಸರು ಬಾಗಲಕೋಟೆ ಮುಟ್ಟಿರುವುದಿಲ್ಲ, ತಾನು ಆ ಮನೆಯಲ್ಲಿ ಬದುಕಿ ಪ್ರಯೋಜನವಿರುವುದಿಲ್ಲ. ಓಡಿ ಬಸ್ಸು ಹತ್ತಿದ. ಕಚೇರಿಗೆ ಕಾಲಿಟ್ಟವನೇ ಕಪಾಟಿನ ತಳದಿಂದ ರಂಜಾನಬಿಯ ಕಡತ ಎಳೆದು, ಧೂಳು ಕೊಡವಿ, ತಾನೇ ಎತ್ತಿದ್ದ ಆಕ್ಷೇಪಣೆಗಳನ್ನೆಲ್ಲ ತಾನೇ ಖಂಡಿಸಿ (ಎರಡೂ ಕಡೆಯ ವಾದ ಅಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದರು?) ಸಾಹೇಬರ ಮುಂದಿಟ್ಟ.

“ಏನೋ ಗಾಳೆಪ್ಪ, ಇಷ್ಟು ಅವಸರ? ಈ ಮುದುಕಿ ನಿನಗೇನಾಗಬೇಕು?”

“ಮನಿಯವರಿದ್ದಂಗ್ರಿ, ಸರ.”

ಸಹಿ ಬಿತ್ತು. ಮಂಜೂರಾತಿ ಆದೇಶ ಗಾಳೆಪ್ಪನ ಕೈಯಲ್ಲಿತ್ತು.

ಬುಧವಾರ ಬೆಳಿಗ್ಗೆ ಅವನು ಅಂಗಡಿಗೆ ನುಗ್ಗಿದಾಗ ರಾಧಿಕಾ ಆಗಲೇ ಪರದೆಯ ಮೇಲೆ ಮರಳಿ ಬಂದ ನಕಾಶೆಗಳ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಎಂದಿನಂತೆ ಗಾಳೆಪ್ಪ ಅದನ್ನೂ ನೋಡಲಿಲ್ಲ. ನೇರವಾಗಿ ಹೋಗಿ ತಬಸುಮಳ ಮುಂದೆ ಆದೇಶ ಇಟ್ಟ.

“ತಗೋರಿ ಮೇಡಂ. ನಿಮ್ಮ ಅಜ್ಜಿದು. ಮಂಜೂರಾಗೇತಿ. ಈಗರ ನಮ್ಮ ಫೈಲ್ ಬಿಡ್ರಿ.”

ತಬಸುಮ ಕಾಗದ ನೋಡಿದಳು, ಅವನನ್ನು ನೋಡಿದಳು. “ನಮ್ಮ ಅಜ್ಜಿ ತೀರಿ ಹತ್ತು ವರ್ಷ ಆತಲ್ರಿ. ಈ ರಂಜಾನಬಿ ಯಾರು?”

“ನೀವು... ಐದು ಸಲ... ನನ್ನ ಟೇಬಲ್ಲಿಗೆ...”

“ನಾ ನಿಮ್ಮನ್ನ ಮೊದಲ ನೋಡಿದ್ದ ಸೋಮವಾರರಿ! ಇಳಕಲ್ಲಿನಾಗ ತಬಸುಮ ಅನ್ನೋರು ನಾ ಒಬ್ಬಾಕೀನ ಏನು?”

“ಮತ್ತ ನಾಳಿ ಬರ್ರಿ, ನಾಳಿ ಬರ್ರಿ ಅಂದದ್ದು?”

“ಕೆಲಸ ಮುಗದಿದ್ದಿಲ್ರಿ, ಅದಕ್ಕ ಅಂದೆ. ನಾಳಿ ಬಾ ಅನ್ನಾಕ ಬ್ಯಾರೆ ಏನರ ಕಾರಣ ಇರ್ತದೇನ್ರಿ?”

ಇಪ್ಪತ್ತೆರಡು ವರ್ಷದ ನಿಷ್ಕಳಂಕ ಸೇವೆಯಲ್ಲಿ ಅವನು ಮೊಟ್ಟಮೊದಲ ಸಲ, ಗುರುತಿಲ್ಲದ ಪರಿಚಯವಿಲ್ಲದ ಒಬ್ಬ ಬಡ ಮುದುಕಿಯ ಕೆಲಸ ಮಾಡಿಕೊಟ್ಟುಬಿಟ್ಟಿದ್ದ. ಕಾಗದ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದ. ಅಷ್ಟರಲ್ಲಿ ಅದು ರಾಧಿಕಾಳ ಕೈಯಲ್ಲಿತ್ತು.

“ಅರ್ಜಿ ಕೊಟ್ಟು ಎಷ್ಟು ದಿನ ಆಗಿತ್ರಿ?”

“ಹದಿನಾಲ್ಕು ತಿಂಗಳಾ.”

“ನಿನ್ನಿ ಎಷ್ಟು ಹೊತ್ತು ಹಿಡೀತು?”

“ನಲವತ್ತು ನಿಮಿಷ,” ಎಂದ ಗಾಳೆಪ್ಪ, ಅಭಿಮಾನದಿಂದ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ರಾಧಿಕಾ ಆಗಲೂ ಬೈಯಲಿಲ್ಲ. ತಬಸುಮಳ ಪಕ್ಕದಲ್ಲೇ ಕೂತು ಇನ್ನೂರಾ ಹನ್ನೆರಡೂ ನಕಾಶೆಗಳನ್ನು ಬಾಗಲಕೋಟೆಗೆ ಕಳಿಸಿದಳು. ಮುಟ್ಟಿದವೆಂದು ಪ್ರದರ್ಶನದವರ ಮರುತ್ತರವೂ ಬಂತು. ಆಮೇಲೆ ಆದೇಶದ ಮೇಲಿದ್ದ ವಿಳಾಸ ಓದಿಕೊಂಡು, ಕಾಗದ ಚೀಲದಲ್ಲಿಟ್ಟು, “ನಾ ಕೊಟ್ಟು ಬರ್ತೇನಿ,” ಎಂದು ನಡೆದಳು. ರಂಜಾನಬಿಯ ಮನೆಯಲ್ಲಿ ಚಹಾ ಕುಡಿದಳು. ಅಲ್ಲಿ ಸೇರಿದ ಓಣಿಯ ಹೆಂಗಸರ ಮುಂದೆ ನಡೆದದ್ದನ್ನೆಲ್ಲ, ನಲವತ್ತು ನಿಮಿಷದ ಸಮೇತ, ಒಂದಕ್ಷರ ಬಿಡದೆ ಹೇಳಿದಳು.

ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತ ಬಾಗಿಲು ತೆಗೆದ ಗಾಳೆಪ್ಪ ಹಾಗೇ ನಿಂತ. ಕಟ್ಟೆಯ ಮೇಲೆ ಹನ್ನೊಂದು ಮಂದಿ. ಕೋಲೂರಿದ ಮುದುಕರು, ಕೂಸು ಎತ್ತಿಕೊಂಡ ಹೆಂಗಸರು. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಚೀಲ, ಒಳಗೆ ಮಡಿಚಿ ಮಡಿಚಿ ಸವೆದ ಕಾಗದ. ರಾಧಿಕಾ ಅವರಿಗೆ ಚಹಾ ಹಂಚುತ್ತಿದ್ದಳು.

“ಯಾರ ಇವರೆಲ್ಲಾ?” ಎಂದ ಅವನು, ಬಾಯಿತುಂಬ ನೊರೆ.

“ನಿಮಗ ಒಬ್ಬರ ಗುರ್ತೂ ಇಲ್ಲರಿ,” ಎಂದಳು ರಾಧಿಕಾ. “ಹಂಗಾಗಿ ಲಗೂನ ಮುಗೀತದ, ನಲವತ್ತು ನಿಮಿಷಕ್ಕ ಒಬ್ಬರದು. ಮಾರಿ ತೊಳಕೊಂಡು ಬರ್ರಿ.”